ಶಿವನಿ ಊರಿಗೆ ಹೋದದ್ದು ಯಾರಿಗಾಗಿ

ಬಸ್ಸು ಕಡೂರಿನ ನಿಲ್ದಾಣ ಬಿಡುವ ಮೊದಲೇ ನನ್ನ ಚಿಕ್ಕಪ್ಪ ವಾದ ಶುರು ಮಾಡಿದರು. ಅವರ ಎದುರಾಳಿ ಇನ್ನೂ ತರೀಕೆರೆಯಲ್ಲಿದ್ದರು. ಅಲ್ಲಿಯವರೆಗೆ ಕಾಯುವ ತಾಳ್ಮೆ ಚಿಕ್ಕಪ್ಪನಿಗೆ ಇಲ್ಲದ್ದರಿಂದ ಮಾತೆಲ್ಲ ನನ್ನ ಕಿವಿಗೆ ಬಿತ್ತು.

"ಕಳೆದುಹೋದ ಕುರಿ ಅಂದ್ರೆ ಯಾರದು ಸುಗುಣ? ತನ್ನ ಹಟ್ಟೀದು. ಪಕ್ಕದೂರಿನ ಕುರೀನ ಯಾವ ಕುರುಬನಾದ್ರೂ ಹುಡುಕ್ಕೊಂಡು ಹೋಗ್ತಾನೇನೇ? ಹೋದ್ರೆ ಕಳ್ಳ ಅಂತ ಹಿಡಿದು ಕಟ್ಟಿಹಾಕ್ತಾರೆ."

"ಟಿಕೆಟ್ ತಗೊಳ್ಳಿ ಚಿಕ್ಕಪ್ಪ," ಅಂದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ಅದು. ನಾನು ಕಡೂರಿನ ಶಾಲೆಯೊಂದರಲ್ಲಿ ಟೀಚರ್. ಚಿಕ್ಕಪ್ಪ ದೇವದಾಸಪ್ಪನವರು ನಮ್ಮ ಕ್ರೈಸ್ತ ಸಭೆಯಲ್ಲಿ ಬಹುಕಾಲ ಉಪದೇಶಿಯಾಗಿದ್ದು ನಿವೃತ್ತರಾದವರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರನ್ನು ಒಬ್ಬರೇ ಬಸ್ಸು ಹತ್ತಿಸುವಂತಿರಲಿಲ್ಲ. ನನಗೆ ರಜೆ. ಮನೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಹೊರಟದ್ದು ಅಜ್ಜಂಪುರದ ಆಚೆಯ ಶಿವನಿ ಎಂಬ ಊರಿಗೆ. ಅಲ್ಲಿ ತಿಮ್ಮಯ್ಯ ಎಂಬ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದ ಮುದುಕರೊಬ್ಬರು ಹಾಸಿಗೆ ಹಿಡಿದಿದ್ದರು. ಅವರು ಕ್ರೈಸ್ತರಲ್ಲ. ಆದರೂ ಎಷ್ಟೋ ವರ್ಷ ಭಾನುವಾರ ಭಾನುವಾರ ರೈಲು ಹತ್ತಿ ಅಜ್ಜಂಪುರಕ್ಕೆ ಬಂದು, ನಮ್ಮ ಪುಟ್ಟ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ, ಎಲ್ಲರೂ ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ ಕೂತು, ಹಾಡುಗಳನ್ನು ಕೇಳಿ ಎದ್ದುಹೋಗುತ್ತಿದ್ದರು. ಒಳಗೆ ಬನ್ನಿ ಅಂದರೆ "ಇಲ್ಲೇ ಗಾಳಿ ಚೆನ್ನಾಗೈತೆ" ಅನ್ನುತ್ತಿದ್ದರು. ಈಗ ಅವರು, ಸಾಯುವ ಮೊದಲು ಅಯ್ಯನವರು ಬಂದು ತಲೆಗೆ ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಕೊಡಲಿ, ಹಾಡು ಕಲಿಸಿದ ದೇವದಾಸಪ್ಪನೂ ಜೊತೆಗಿರಲಿ ಎಂದು ಹೇಳಿ ಕಳಿಸಿದ್ದರು.

ಅಯ್ಯನವರು ಅಂದರೆ ನಮ್ಮ ಸಭಾಪಾಲಕರಾದ ರತ್ನಾಕರಯ್ಯನವರು. ಅವರಿಗೂ ಚಿಕ್ಕಪ್ಪನಿಗೂ ವರ್ಷಗಳಿಂದ ಒಂದೇ ಜಗಳ. ಯೇಸುಸ್ವಾಮಿ ಮೊದಮೊದಲು ಶಿಷ್ಯರನ್ನು ಊರೂರಿಗೆ ಕಳಿಸಿದ್ದು ಯಾರಿಗಾಗಿ? ತನ್ನ ಜನರಾದ ಯೆಹೂದ್ಯರಿಗೆ ಮಾತ್ರವೋ, ಲೋಕದವರಿಗೆಲ್ಲವೋ? ಮೊದಲು ಮನೆಯವರಿಗೇ, ಹೊರಗಿನವರ ಸಂಗತಿ ಆಮೇಲಿನದು ಅನ್ನುವುದು ಚಿಕ್ಕಪ್ಪನ ಹಟ. ಲೋಕವೆಲ್ಲ ಮನೆಯೇ ಅನ್ನುವುದು ಅಯ್ಯನವರ ಹಟ. ಇಬ್ಬರಿಗೂ ಇದರಿಂದ ಒಂದು ಕಾಸಿನ ಲಾಭವಾಗಲಿ ನಷ್ಟವಾಗಲಿ ಇದ್ದದ್ದನ್ನು ನಾನು ಕಾಣೆ. ಆ ದಿನ ಮಾತ್ರ ಈ ಜಗಳದ ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದ.

ಬೀರೂರು ದಾಟುವಷ್ಟರಲ್ಲಿ ಬಿಸಿಲು ಕಿಟಕಿಯ ಕಂಬಿಗಳನ್ನು ಮುಟ್ಟದ ಹಾಗೆ ಮಾಡಿತ್ತು. ತರೀಕೆರೆಯಲ್ಲಿ ಇಳಿದು ಅಯ್ಯನವರ ಮನೆಗೆ ನಡೆದೆವು. ಅವರು ಇರಲಿಲ್ಲ. ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ನಮ್ಮಣ್ಣ ಅತ್ತಿಗೆ ಬಂದಿದ್ರು. ಅಮೃತಾಪುರದ ದೇವಸ್ಥಾನ ತೋರಿಸಿಕೊಂಡು ಬರ್ತೀನಿ ಅಂತ ಇವ್ರು ಕರ್ಕೊಂಡು ಹೋದ್ರು. ಇನ್ನೇನು ಬಂದ್ಬಿಡ್ತಾರೆ," ಅಂದರು.

"ಅಲ್ಲಿ ಮನುಷ್ಯ ಸಾಯ್ತಿದ್ದಾನೆ. ಇವರು ಕಂಬ ತೋರಿಸೋಕೆ ಹೋಗಿದ್ದಾರೆ," ಎಂದರು ಚಿಕ್ಕಪ್ಪ. ಆ ದಿನ ಅವರು ಹೇಳಿದ ಮಾತುಗಳಲ್ಲಿ ನಾನು ತಕ್ಷಣ ಒಪ್ಪಿದ್ದು ಅದೊಂದನ್ನೇ.

ಅಯ್ಯನವರು ಬಂದದ್ದು ನೆತ್ತಿಯ ಮೇಲೆ ಸೂರ್ಯ ಬಂದಾಗ. ಬಂದವರೇ, ಆ ಕಂಬಗಳ ಹೊಳಪು ನೋಡಿದರೆ ಮುಖ ತಿದ್ದಿಕೊಳ್ಳಬಹುದು ಎಂದು ವರ್ಣಿಸತೊಡಗಿದರು. ಅವರನ್ನು ಹೊರಡಿಸಿ ಬಸ್ ನಿಲ್ದಾಣಕ್ಕೆ ತಂದದ್ದೇ ಒಂದು ಸಾಹಸ. ಅಜ್ಜಂಪುರದ ಬಸ್ಸು ನಿಂತಿತ್ತು. ಚಿಕ್ಕಪ್ಪನಿಗೆ ಹಸಿವು. ಎದುರಿನ ಹೋಟೆಲಿನಲ್ಲಿ ಬೇಗ ಉಪ್ಪಿಟ್ಟು ತಿಂದು ಬನ್ನಿ, ನಾನು ಸೀಟು ಹಿಡಿದಿರುತ್ತೇನೆ ಎಂದು ಇಬ್ಬರನ್ನೂ ಕಳಿಸಿದೆ. ಆ ದಿನದ ದೊಡ್ಡ ತಪ್ಪು ಅದೇ.

ಕಿಟಕಿಯಿಂದ ನೋಡುತ್ತೇನೆ, ಇಬ್ಬರ ಉಪ್ಪಿಟ್ಟೂ ತಟ್ಟೆಯಲ್ಲಿ ಆರುತ್ತಿದೆ. ಅಯ್ಯನವರ ಬೆರಳು ಆಕಾಶ ತೋರಿಸುತ್ತಿದೆ. ಚಿಕ್ಕಪ್ಪನ ಬೆರಳು ಮೇಜು ಕುಟ್ಟುತ್ತಿದೆ. ಡ್ರೈವರ್ ಬಂದು ಕೂತ. ನಾನು ಕೂಗಿದೆ. ಕೇಳಲಿಲ್ಲ. ಮತ್ತೆ ಕೂಗಿದೆ. ಅಯ್ಯನವರು ಇತ್ತ ನೋಡಿ, ಇರು ಎಂದು ಕೈ ಆಡಿಸಿ, ಮಾತು ಮುಂದುವರಿಸಿದರು.

"ಏನಮ್ಮಾ, ನಿಮ್ ಕಡೆಯೋರು ಜಗಳ ಮುಗ್ಸಿ ಬತ್ತಾರೋ, ನೀವೇ ಇಳೀತೀರೋ?" ಕಂಡಕ್ಟರ್ ಕೇಳಿದ.

ಇಳಿದೆ. ಬಸ್ಸು ನನ್ನ ಮುಖಕ್ಕೆ ಧೂಳೆರಚಿ ಹೊರಟುಹೋಯಿತು. ಹೋಟೆಲಿಗೆ ಹೋದರೆ, ಶಿಷ್ಯ ಪೇತ್ರನು ಯೆಹೂದ್ಯನಲ್ಲದ ರೋಮಿನ ಸೈನ್ಯಾಧಿಕಾರಿಯ ಮನೆಗೆ ಹೋಗಿ ಉಂಡದ್ದು ಸರಿಯೋ ತಪ್ಪೋ ಎಂಬಲ್ಲಿಗೆ ಬಂದಿತ್ತು ವಾದ.

"ಹೋಗ್ಲಿಲ್ವಾ ಹಾಗಾದ್ರೆ? ಅವರ ಮನೆಯವರಿಗೆಲ್ಲ ದೀಕ್ಷಾಸ್ನಾನ ಮಾಡಿಸ್ಲಿಲ್ವಾ?" ಅಯ್ಯನವರು.

"ಹೋದ. ವಾಪಸ್ ಬಂದಾಗ ಸ್ವಂತ ಜನ ಅವನನ್ನ ತರಾಟೆಗೆ ತಗೊಂಡ್ರು. ಅದನ್ನೂ ಹೇಳಿ!" ಚಿಕ್ಕಪ್ಪ.

"ಬಸ್ಸು ಹೋಯ್ತು," ಅಂದೆ ನಾನು.

"ಯಾವ ಬಸ್ಸು?" ಎಂದರು ಇಬ್ಬರೂ.

ಮುಂದಿನ ಬಸ್ಸು ಸಿಕ್ಕುವ ಹೊತ್ತಿಗೆ ನನಗೆ ತಲೆನೋವು ಹಿಡಿದಿತ್ತು. ಅದರ ಹಿಂಭಾಗದಲ್ಲಿ ಈರುಳ್ಳಿ ಚೀಲಗಳು. ನಮಗೆ ಸಿಕ್ಕಿದ ಸೀಟೂ ಅಲ್ಲೇ. ತರೀಕೆರೆಯ ತೋಟಗಳು ಹಿಂದಕ್ಕೆ ಸರಿದು ಬಯಲು ಶುರುವಾಯಿತು. ಅಜ್ಜಂಪುರದ ಕಡೆ ಕಪ್ಪು ಎರೆ ಹೊಲಗಳು ಕೈ ಇಳಿಬಿಡುವಷ್ಟು ಅಗಲ ಬಿರುಕು ಬಿಟ್ಟಿದ್ದವು. ಚಿಕ್ಕಪ್ಪ, ಅಯ್ಯನವರು ಅಕ್ಕಪಕ್ಕ ಕೂತು ಕೂಗಾಡುತ್ತಿದ್ದುದನ್ನು ಈರುಳ್ಳಿ ವ್ಯಾಪಾರಿಯೊಬ್ಬ ಬಹಳ ಹೊತ್ತು ಕೇಳಿಸಿಕೊಂಡ. ಮೊದಲು ಯಾರಿಗೆ, ಆಮೇಲೆ ಯಾರಿಗೆ, ಹಕ್ಕು ಯಾರದು ಎಂಬ ಮಾತುಗಳೇ ಅವನ ಕಿವಿಗೆ ಬಿದ್ದಿರಬೇಕು.

"ಎಲ್ಲೀದಮ್ಮಾ ಜಮೀನು?" ಎಂದು ನನ್ನನ್ನು ಮೆಲ್ಲಗೆ ಕೇಳಿದ.

"ಜಮೀನಲ್ಲಪ್ಪ. ಎರಡು ಸಾವಿರ ವರ್ಷದ ಹಿಂದಿನ ವ್ಯಾಜ್ಯ."

"ಖಾತೆ ಯಾರ ಹೆಸ್ರಲ್ಲೈತೆ ನೋಡ್ಸಿ. ಸುಮ್ನೆ ಬಾಯ್ ಬಡ್ಕಂಡ್ರೆ ಏನ್ ಬಂತು," ಎಂದು ಚೀಲಕ್ಕೆ ಒರಗಿ ಕಣ್ಣು ಮುಚ್ಚಿದ.

ನಾನೂ ಒಂದು ಮಾತು ಹೇಳಿ ನೋಡಿದೆ. ಮಗಳಿಗೆ ಕಾಯಿಲೆ ಎಂದು ಯೇಸುಸ್ವಾಮಿಯ ಬಳಿ ಬೇಡಿಕೊಂಡು ಬಂದ ಆ ಪರದೇಶದ ಹೆಂಗಸಿನ ಕತೆ ಏನು, ಅವಳನ್ನು ಮೊದಲು ದೂರ ಇಟ್ಟು ಕೊನೆಗೆ ಅವಳ ಮಾತಿಗೆ ಸ್ವಾಮಿಯೇ ಸೋಲಲಿಲ್ಲವೇ ಎಂದೆ. "ಅದು ಬೇರೆ ವಿಷಯ," ಎಂದರು ಅಯ್ಯನವರು. "ನೀನು ಸುಮ್ನಿರೇ," ಎಂದರು ಚಿಕ್ಕಪ್ಪ. ಆ ದಿನದಲ್ಲಿ ಅವರಿಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದದ್ದು ನನ್ನ ಬಾಯಿ ಮುಚ್ಚಿಸುವುದಕ್ಕೆ.

ಅಜ್ಜಂಪುರದಲ್ಲಿ ಶಿವನಿಯ ರೈಲು ತಡವಾಗಿತ್ತು. ಸ್ಟೇಷನ್ನಿನ ಕಲ್ಲುಬೆಂಚು ಕಾದ ಹೆಂಚಿನಂತಿತ್ತು. ಅಲ್ಲಿಯೂ ವಾದ ನಿಲ್ಲಲಿಲ್ಲ. ಆದರೆ ಚಿಕ್ಕಪ್ಪನ ಹಟದ ಹಿಂದೆ ಏನಿದೆ ಎಂಬುದು ನನಗೆ ತಿಳಿದದ್ದು ಅಲ್ಲಿ. ಅಯ್ಯನವರು ನೀರು ಕುಡಿಯಲು ಎದ್ದುಹೋದಾಗ ಅವರು ದನಿ ತಗ್ಗಿಸಿ ಹೇಳಿದರು: "ನೋಡು, ನಾನು ಊರೂರು ತಿರುಗಿದೋನು. ಒಬ್ಬ ಸೇರ್ತಾನೆ, ಅವನ ಮನೆ ಎರಡು ಪಾಲಾಗುತ್ತೆ. ಹೆಂಡ್ತಿ ಒಂದು ಕಡೆ, ಇವನು ಒಂದು ಕಡೆ. ನಾವು ಫೋಟೋ ತೆಗೆಸ್ಕೊಂಡು ವಾಪಸ್ ಬರ್ತೀವಿ. ಆಮೇಲೆ ಅವರ ಮನೆಗೆ ಯಾರು ಹೋಗಿ ನೋಡ್ತಾರೆ?"

ಹಾಗಾದರೆ ಇದನ್ನೇ ನೇರವಾಗಿ ಹೇಳಬಾರದೇ, ಕುರಿ ಕುರುಬ ಎಂದೆಲ್ಲ ಯಾಕೆ ಸುತ್ತಬೇಕು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ರೈಲು ಬಂತು.

ಶಿವನಿಯಲ್ಲಿ ಇಳಿದು, ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದು ತಿಮ್ಮಯ್ಯನವರ ಮನೆ ಸೇರುವಾಗ ಬಿಸಿಲು ಇಳಿಮುಖವಾಗಿತ್ತು. ಬಾಗಿಲಲ್ಲಿ ಅವರ ಹೆಂಡತಿ ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಈಗ ಬಂದ್ರಾ? ಬೆಳಿಗ್ಗಿಂದ ದಾರಿ ನೋಡೀ ನೋಡೀ ಈಗ ಕಣ್ಮುಚ್ಚವ್ರೆ."

ಮೂವರೂ ನಿಂತಲ್ಲೇ ನಿಂತೆವು. ಅಯ್ಯನವರ ಕೈಯ ಚೀಲ ಜಾರಿತು.

"ನಿದ್ದೆ ಕಣ್ರೀ," ಎಂದರು ಆಕೆ. "ಬನ್ನಿ ಒಳಿಕ್ಕೆ. ಕಾಲು ತೊಳ್ಕಳಿ."

ನಮ್ಮ ಸದ್ದಿಗೆ ತಿಮ್ಮಯ್ಯ ಎಚ್ಚರವಾದರು. ಉಸಿರೆಳೆದಾಗಲೆಲ್ಲ ಎದೆಯಲ್ಲಿ ಗೊರಗೊರ ಸದ್ದು. ಚಿಕ್ಕಪ್ಪನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅಯ್ಯನವರು ಮಂಚದ ಪಕ್ಕ ಕೂತು, ಮನಸ್ಸು ಗಟ್ಟಿಯಾಗಿದೆಯೇ, ಯಾರ ಬಲವಂತವೂ ಇಲ್ಲ ತಾನೇ ಎಂದು ಕೇಳಬೇಕಾದ್ದನ್ನೆಲ್ಲ ಕೇಳಿದರು. ತಿಮ್ಮಯ್ಯ ತಲೆಯಾಡಿಸಿದರು. ಆಗ ಕೆಂಚಮ್ಮ ಒಳಬಾಗಿಲಲ್ಲಿ ನಿಂತುಕೊಂಡೇ ಕೇಳಿದರು:

"ಅಯ್ನೋರೇ, ನಂದೊಂದು ಮಾತು. ಇವ್ರು ನಿಮ್ಮೋರಾದ್ಮೇಲೆ ಮಣ್ಣು ಎಲ್ಲಿ ಮಾಡ್ತೀರಿ?"

"ತರೀಕೆರೆಯಲ್ಲಿ ತಾಯಿ. ನಮ್ಮ ಸ್ಮಶಾನದಲ್ಲಿ, ಗೌರವವಾಗಿ."

"ನಮ್ ಹೊಲ್ದಲ್ಲಿ ಬ್ಯಾಡ್ವಾ? ಇವ್ರ ಅಪ್ಪ ಅವ್ವ ಅಲ್ಲೇ ಮಲ್ಗವ್ರೆ."

"ಅಣ್ತಮ್ಮದೀರು ಬಿಡಲ್ಲ ಕಣೇ," ತಿಮ್ಮಯ್ಯ ಏದುಸಿರಿನಲ್ಲಿ ಹೇಳಿದರು. "ಬ್ಯಾರೆ ಸೇರ್ದೋನು ಅಂತಾರೆ."

"ಸರಿ. ಹಂಗಾದ್ರೆ ನಾನ್ ಸತ್ತಾಗ ತರೀಕೆರೇಲಿ ಇವ್ರ ಪಕ್ಕ ಮಣ್ಣು ಮಾಡ್ತೀರಾ?"

ಅಯ್ಯನವರು ತಡವರಿಸಿದರು. "ನೀವೂ ದೀಕ್ಷಾಸ್ನಾನ ತಗೊಂಡ್ರೆ..."

"ನಾನ್ ತಗಳಲ್ಲ. ನಮ್ಮೂರ ದ್ಯಾವ್ರು ನಂಗೆ ಸಾಕು. ಇವ್ರು ಹಾಡೋದು ನಂಗೆ ಬ್ಯಾಡ ಅಂತ ನಾನ್ ಯಾವತ್ತೂ ಅಂದಿಲ್ಲ. ಬುತ್ತಿ ಕಟ್ಟಿ ಕಳ್ಸೀವ್ನಿ. ಪಕ್ಕ ಮಲ್ಗುಸ್ತೀರಾ ಇಲ್ವಾ, ಅಷ್ಟು ಹೇಳಿ."

"ಅದನ್ನ... ಸಭೆಯ ಸಮಿತಿಯಲ್ಲಿ ಕೇಳಬೇಕಾಗುತ್ತೆ," ಎಂದರು ಅಯ್ಯನವರು.

ಬೆಳಗಿನಿಂದ ಲೋಕವೆಲ್ಲ ಮನೆ, ಎಲ್ಲ ಜನಾಂಗಗಳೂ ನೆಂಟರು ಎಂದವರು! ನನಗೆ ಸಿಟ್ಟು ಉಕ್ಕಿತು. ನನಗಿಂತ ಮೊದಲು ಉಕ್ಕಿದ್ದು ಚಿಕ್ಕಪ್ಪನಿಗೆ.

"ಏನ್ರೀ ಸಮಿತಿ? ಮೊದಲು ಮನೆಯವರಿಗೆ ಅಂತ ನಾನಂದಾಗ ನಕ್ರಿ. ಇವನ ಮನೆಯೋಳು ಇವಳಲ್ವೇನ್ರೀ? ಇವಳನ್ನ ಹೊರಗಿಟ್ಟು ಇವನನ್ನ ಮಾತ್ರ ಕರ್ಕೊಂಡು ಹೋದ್ರೆ ಅದು ಯಾವ ಸೀಮೆ ಸುವಾರ್ತೆ?"

"ನಿಯಮ ಅಂತ ಒಂದಿದೆ ದೇವದಾಸಪ್ಪನವರೇ. ನಾಳೆ ಎಲ್ಲರೂ ಕೇಳ್ತಾರೆ."

"ಕೇಳಲಿ! ರೋಮಿನವನ ಮನೆಯವರ ವಿಷಯ ನೀವೇ ತಾನೇ ಹೇಳಿದ್ದು..."

ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಡುವೆ ಮಲಗಿದ್ದ ತಿಮ್ಮಯ್ಯನ ಕಣ್ಣು ಅತ್ತಿಂದಿತ್ತ ಇತ್ತಿಂದತ್ತ ಓಡುತ್ತಿತ್ತು.

"ಸಾಕು ನಿಲ್ಸಿ ಇಬ್ರೂ!" ಎಂದು ಕೂಗಿಬಿಟ್ಟೆ. ಹಿರಿಯರ ಮುಂದೆ ನಾನು ಹಾಗೆ ಕೂಗಿದ್ದು ಅದೇ ಮೊದಲು. "ಇದು ತರೀಕೆರೆ ಹೋಟೆಲಲ್ಲ. ಮಲಗಿರೋರನ್ನ ಒಂದು ಮಾತು ಕೇಳಿ."

ತಿಮ್ಮಯ್ಯ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು.

"ಅಯ್ನೋರೇ," ಎಂದರು. "ನೀರು ಹಾಕುಸ್ಕಳ್ದೆ ಹೋದ್ರೆ, ಅಲ್ಲಿ ಸ್ವಾಮಿ ನನ್ ಗುರ್ತು ಹಿಡಿಯಲ್ವಾ?"

ಅಯ್ಯನವರು ಕನ್ನಡಕ ತೆಗೆದರು. ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಯಾವ ಊರಿನ, ಯಾವ ಶಿಷ್ಯನ ಹೆಸರನ್ನೂ ಎತ್ತಲಿಲ್ಲ.

"ಹಿಡೀತಾನೆ ತಿಮ್ಮಯ್ಯ," ಎಂದರು. "ನೀರಿಲ್ಲದಿದ್ರೂ ಹಿಡೀತಾನೆ."

ತಿಮ್ಮಯ್ಯ ಒಳಬಾಗಿಲಲ್ಲಿದ್ದ ಹೆಂಡತಿಯ ಕಡೆ ನೋಡಿದರು.

"ಹಂಗಾದ್ರೆ ಬ್ಯಾಡ ಬಿಡ್ರಿ. ನಾನು ನಮ್ ಹೊಲ್ದಲ್ಲಿ ಇವಳ ಪಕ್ಕಾನೇ ಇರ್ತೀನಿ. ಒಂದು ಪ್ರಾರ್ಥನೆ ಮಾಡಿ, ಒಂದು ಹಾಡು ಹೇಳಿ ಹೋಗ್ರಿ."

"ಅಷ್ಟು ಹೇಳಾಕೆ ಇಷ್ಟ್ ಹೊತ್ತು ಬೇಕಾಯ್ತಾ?" ಎನ್ನುತ್ತ ಕೆಂಚಮ್ಮ ಒಲೆಯ ಕಡೆ ಹೋದರು. ಹೋಗುವಾಗ ಸೆರಗು ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ನೋಡಿದೆ.

ಅಯ್ಯನವರು ಚಿಕ್ಕ ಪ್ರಾರ್ಥನೆ ಮಾಡಿದರು. ಅವರ ಬಾಯಲ್ಲಿ ಅಷ್ಟು ಚಿಕ್ಕದನ್ನು ನಾನು ಕೇಳಿರಲಿಲ್ಲ. ಚಿಕ್ಕಪ್ಪ ಹಾಡಿದರು. ಅವರ ದನಿ ನಡುವೆ ಒಡೆದಾಗ ತಿಮ್ಮಯ್ಯ ಕಣ್ಣು ಮುಚ್ಚಿಕೊಂಡೇ ಮುಂದಿನ ಸಾಲನ್ನು ತುಟಿಯಲ್ಲಿ ಹೇಳಿದರು. ಆಮೇಲೆ ಕೆಂಚಮ್ಮ ಎಲ್ಲರಿಗೂ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಅಯ್ಯನವರು ನೆಲದ ಮೇಲೆ ಕೂತು, ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು. ಏಳುವಾಗ, "ಸಮಿತಿಯಲ್ಲಿ ಕೇಳೇ ಕೇಳ್ತೀನಿ ತಾಯಿ," ಎಂದರು. ಕೆಂಚಮ್ಮ "ಕೇಳಿ" ಎಂದಷ್ಟೇ ಹೇಳಿ ತಟ್ಟೆ ಎತ್ತಿದರು.

ಸಂಜೆಯ ರೈಲಿಗೆ ಆಕೆಯೇ ಸ್ಟೇಷನ್ನಿನವರೆಗೆ ಬಂದರು. ಪಕ್ಕದ ಮನೆಯವರನ್ನು ಗಂಡನ ಬಳಿ ಕೂರಿಸಿ ಬಂದಿದ್ದರು. ಪ್ಲಾಟ್‌ಫಾರಂ ತಣ್ಣಗಾಗುತ್ತಿತ್ತು. ಸ್ವಲ್ಪ ದೂರದಲ್ಲಿ ಅಯ್ಯನವರು ಚಿಕ್ಕಪ್ಪನಿಗೆ, "ಆದರೂ ದೇವದಾಸಪ್ಪನವರೇ, ಪೌಲನು ಇದ್ದಿದ್ದರೆ..." ಎಂದು ಶುರು ಮಾಡಿದ್ದು ಕೇಳಿಸಿತು. ಚಿಕ್ಕಪ್ಪ ಕೋಲು ನೆಲಕ್ಕೆ ಕುಟ್ಟಿದರು. ನಾನು ಹಣೆ ಒತ್ತಿಕೊಂಡೆ.

ಕೆಂಚಮ್ಮ ನನ್ನ ಹತ್ತಿರ ಸರಿದು ನಿಂತರು.

"ಟೀಚರಮ್ಮ, ಇವ್ರು ಹೋದಾಗ ಹೇಳಿ ಕಳುಸ್ತೀನಿ. ಬತ್ತೀರಾ? ಆ ಹಾಡು ಹೇಳೋರು ಒಬ್ರಾದ್ರೂ ಬೇಕಲ್ಲ."

"ಬರ್ತೀನಿ. ಖಂಡಿತ ಬರ್ತೀನಿ."

ರೈಲು ಬಂತು. ಇಬ್ಬರನ್ನೂ ಹತ್ತಿಸಿ, ಕೊನೆಗೆ ನಾನು ಹತ್ತಿದೆ. ಆಕೆ ಕಿಟಕಿಯ ಕಂಬಿ ಹಿಡಿದು, ಒಳಗೆ ಆಗಲೇ ದನಿ ಏರಿಸಿದ್ದ ಆ ಇಬ್ಬರ ಕಡೆ ಒಂದು ಸಲ ನೋಡಿದರು.

"ಅವ್ರನ್ನ ಕರ್ಕಂಡ್ ಬರ್ಬೇಡಿ," ಎಂದರು. "ಹೊತ್ತಾಗ್ತದೆ."

ರೈಲು ಹೊರಟಿತು. ನಾನು ತಲೆ ಹೊರಗೆ ಹಾಕಿ ನೋಡಿದಾಗ ಆಕೆ ಆಗಲೇ ಬೆನ್ನು ತಿರುಗಿಸಿ, ಹಳಿಯ ಪಕ್ಕದ ಕಾಲುದಾರಿಯಲ್ಲಿ ಮನೆಯ ಕಡೆ ಬೇಗ ಬೇಗ ನಡೆಯುತ್ತಿದ್ದರು.