ಟ್ಯಾಂಕರಮ್ಮನಿಗೆ ಅತ್ತೆಯ ಸಾಕ್ಷಿ

ಸಣ್ಣ ವಿಮಾನಗಳ ಆ ಮೈದಾನದಲ್ಲಿ ಅವಳನ್ನು ಎಲ್ಲರೂ ಟ್ಯಾಂಕರಮ್ಮ ಎಂದೇ ಕರೆಯುತ್ತಿದ್ದರು. ಪೆಟ್ರೋಲಿನ ಗಾಡಿಯನ್ನು ವಿಮಾನದ ಪಕ್ಕಕ್ಕೆ ತಂದು ನಿಲ್ಲಿಸಿ, ಏಣಿ ಹತ್ತಿ, ರೆಕ್ಕೆಯ ಮೇಲಿನ ಮುಚ್ಚಳ ಬಿಚ್ಚಿ ತುಂಬುವುದು ಅವಳ ಕೆಲಸ. ತುಂಬಿದ ಮೇಲೆ ತಳದಿಂದ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಸಿದು, ಬೆಳಕಿಗೆ ಹಿಡಿದು, ನೀರು ಸೇರಿದೆಯೇ ಎಂದು ನೋಡಿಯೇ ಅವಳು ಗಾಡಿ ಹಿಂದಕ್ಕೆ ತೆಗೆಯುತ್ತಿದ್ದಳು. 'ನಮ್ಮಮ್ಮ ವಿಮಾನಕ್ಕೆ ಹಾಲು ಕುಡಿಸ್ತಾಳೆ' ಎಂದು ಐದು ವರ್ಷದ ಮಗಳು ಶಾಲೆಯಲ್ಲೆಲ್ಲ ಸಾರಿ ಬಂದಿದ್ದಳು.

ಹೆಸರಿಟ್ಟವನು ಅಲ್ಲಿನ ಮೆಕ್ಯಾನಿಕ್. ಪ್ರೀತಿಯಿಂದಲೇ ಇಟ್ಟಿದ್ದ. ಹಿಂದೊಂದು ಕಾಲಕ್ಕೆ, ಬೇರೊಂದು ಗುಂಪಿನಲ್ಲಿ, ಅವಳಿಗೆ 'ಟ್ಯಾಂಕು' ಎಂಬ ಹೆಸರಿತ್ತು, ಎಷ್ಟು ಸುರಿದರೂ ತುಂಬದವಳು ಎಂಬ ಅರ್ಥದಲ್ಲಿ, ಎನ್ನುವುದು ಪಾಪ ಅವನಿಗೇನು ಗೊತ್ತು? ಮೊದಲ ಸಲ ಅವನು ಹಾಗೆ ಕೂಗಿದಾಗ ಅವಳು ಕೇಳಿಸದವಳ ಹಾಗೆ ಗಾಡಿ ತೆಗೆದುಕೊಂಡು ಹೋಗಿದ್ದಳು. ಆಮೇಲೆ ಅಭ್ಯಾಸವಾಯಿತು.

ಕುಡಿದು ಕಾರು ಓಡಿಸಿ ಅವಳು ಸಿಕ್ಕಿಬಿದ್ದದ್ದು ಎರಡು ಸಲ. ಮೊದಲನೆಯ ಸಲ ಯಾರದೋ ಮನೆಯ ಗೇಟು ಕಿತ್ತುಬಂತು. ಎರಡನೆಯದು ಮಗಳು ಹುಟ್ಟುವ ಹಿಂದಿನ ವರ್ಷ. ಗೋದಾಮಿನ ಮುಂದೆ ನಿಂತಿದ್ದ ಒಂದು ಸೈಕಲ್ಲನ್ನು ಕಾರು ಹಪ್ಪಳ ಮಾಡಿತು. ಅದರ ಯಜಮಾನ ವಾಚ್‌ಮನ್, ಬೀಗ ನೋಡಿಬರಲು ಆಗಷ್ಟೇ ಇಳಿದುಹೋಗಿದ್ದ. ಆ ಚಪ್ಪಟೆ ಸೈಕಲ್ಲು ಅವಳ ಕಣ್ಣಿಗೆ ಕಟ್ಟಿ ನಿಂತಿತು. ನ್ಯಾಯಾಲಯ ಲೈಸೆನ್ಸ್ ಕಿತ್ತುಕೊಂಡು ಕುಡಿತ ಬಿಡಿಸುವ ಕೇಂದ್ರಕ್ಕೆ ಕಳಿಸಿತು. ಕೇಂದ್ರದಿಂದ ಬಂದವಳು ಮತ್ತೆ ಗ್ಲಾಸು ಮುಟ್ಟಲಿಲ್ಲ. ಬಸ್ಸಿನಲ್ಲಿ ಓಡಾಡಿದಳು, ಹೆತ್ತಳು, ಮೈದಾನದಲ್ಲಿ ವಿಮಾನ ತೊಳೆಯುವ ಕೆಲಸಕ್ಕೆ ಸೇರಿದಳು, ಲೈಸೆನ್ಸ್ ವಾಪಸ್ಸು ಬಂದ ಮೇಲೆ ಪೆಟ್ರೋಲಿನ ಗಾಡಿ ಅವಳ ಕೈಗೆ ಬಂತು.

ಹಾರುವುದನ್ನು ಕಲಿಸುವ ಮೇಷ್ಟ್ರು ಅವಳು ಲೋಟ ಹಿಡಿದು ನೋಡುವ ಪರಿಯನ್ನು ಬಹಳ ದಿನದಿಂದ ಗಮನಿಸುತ್ತಿದ್ದರು. ಒಂದು ದಿನ "ಬಾಮ್ಮ, ತುಂಬಿಸಿದ್ದು ಎಲ್ಲಿಗೆ ಹೋಗುತ್ತೆ ನೋಡು" ಎಂದು ಪಕ್ಕದ ಸೀಟಿಗೆ ಕೂರಿಸಿಕೊಂಡು ಹಾರಿದರು. ಹುಚ್ಚು ಹತ್ತಿದ್ದು ಅಂದೇ. ವಾರಕ್ಕೊಂದು ಪಾಠ, ಎರಡು ಪಾಠ ಎಂದು ಶುರುವಾಗಿ ಕಡೆಗೊಂದು ದಿನ ಮೇಷ್ಟ್ರೇ ಹೇಳಿದರು:

"ಇಳಿಸೋದನ್ನೂ ಕಲಿತೆ. ಇನ್ನು ನಾನು ಪಕ್ಕದಲ್ಲಿ ಕೂತು ಏನು ಮಾಡ್ಲಿ, ಆಕಳಿಸ್ಲಾ? ಹೋಗಿ ಮೆಡಿಕಲ್ ಸರ್ಟಿಫಿಕೇಟ್ ತಗೊಂಡು ಬಾ. ಒಬ್ಳನ್ನೇ ಬಿಡ್ತೀನಿ."

ಆ 'ಒಬ್ಳನ್ನೇ' ಎಂಬ ಮಾತು ಅವಳ ಎದೆಗೆ ನಾಟಿತು. ಯಾರೂ ನಂಬಿ ಕಾರಿನ ಬೀಗದ ಕೈ ಕೊಡದ ವರ್ಷಗಳನ್ನು ಕಂಡವಳು ಅವಳು. ಆದರೂ ಮುಚ್ಚಿಡಲು ಮನಸ್ಸಾಗದೆ ಹಳೆಯದನ್ನೆಲ್ಲ ಅಲ್ಲೇ ಹೇಳಿಬಿಟ್ಟಳು.

ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮೂರನೇ ಸಲ ಯಾಕಿಲ್ಲ? ಕುಡೀಲಿಲ್ವೋ, ಸಿಕ್ಕಿಬೀಳ್ಲಿಲ್ವೋ?"

"ಕುಡೀಲಿಲ್ಲ ಮೇಷ್ಟ್ರೇ."

"ಹಾಗಿದ್ರೆ ಇದ್ದಿದ್ದು ಇದ್ದ ಹಾಗೇ ಬರಿ. ಕುಡೀತಿದ್ದೆ ಅಂದವರನ್ನ ಸತಾಯಿಸ್ತಾರೆ, ಅಷ್ಟೇ. ಇಲ್ಲ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನ ಜನ್ಮದಲ್ಲಿ ಒಳಗೆ ಬಿಡಲ್ಲ."

ಪೈಲಟ್‌ಗಳನ್ನು ತಪಾಸಣೆ ಮಾಡುವ ಡಾಕ್ಟರಮ್ಮ ಮಿತಭಾಷಿ. ಕಣ್ಣಿಗೆ ಬಣ್ಣದ ಚುಕ್ಕೆಗಳ ಪುಟ ತೋರಿಸಿದರು, ಕಿವಿಗೆ ಶಬ್ದ ಕೇಳಿಸಿದರು, ಎದೆಗೆ ವೈರು ಅಂಟಿಸಿದರು. ಎಲ್ಲ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು, "ಮೈ ಗಟ್ಟಿಯಾಗಿದೆ. ಆದರೆ ಸಹಿ ಇವತ್ತು ಆಗಲ್ಲ" ಎಂದರು. ಎರಡು ಪ್ರಕರಣಗಳ ತೀರ್ಪು ಬೇಕು. ಕೇಂದ್ರದ ಡಾಕ್ಟರ ವರದಿ ಬೇಕು. ಇನ್ನು ಕೆಲವು ತಿಂಗಳು, ಇವರು ಕರೆದ ದಿನ ಬಂದು ರಕ್ತ ಕೊಡಬೇಕು. ಹಿಂದಿನ ವಾರಗಳಲ್ಲಿ ಕುಡಿದಿದ್ದರೆ ರಕ್ತವೇ ಚಾಡಿ ಹೇಳುತ್ತದೆ. ಕೊನೆಗೆ, ಆ ಕಾಲವನ್ನೂ ಈ ಕಾಲವನ್ನೂ ಒಂದೇ ಮನೆಯಲ್ಲಿದ್ದು ಕಂಡವರು ಒಬ್ಬರು ಬಂದು ಮಾತಾಡಬೇಕು.

ಬಿಟ್ಟೆನೆಂದರೆ ಬಿಟ್ಟೆ, ಹಿಡಿದೆನೆಂದರೆ ಹಿಡಿದೆ ಎನ್ನುವ ಜಾತಿಯ ಹೆಂಗಸು ಅವಳು. ನ್ಯಾಯಾಲಯದ ಗುಮಾಸ್ತ 'ನಾಳೆ ಬನ್ನಿ' ಎಂದರೆ ನಾಳೆ ಬಾಗಿಲು ತೆಗೆಯುವ ಮುಂಚೆಯೇ ನಿಂತಿರುತ್ತಿದ್ದಳು. ರಕ್ತ ಕೊಡಲು ಕರೆದ ದಿನ ಮಗಳಿಗೆ ಜ್ವರವಿದ್ದಾಗ, ಅವಳನ್ನೂ ಹೆಗಲಿಗೆ ಹಾಕಿಕೊಂಡೇ ಹೋಗಿ, ಖಾಲಿಯಿದ್ದ ಇನ್ನೊಂದು ತೋಳನ್ನು ನರ್ಸಿಗೆ ಚಾಚಿದಳು. ಹೀಗೆ ಎಲ್ಲವೂ ಒಂದೊಂದಾಗಿ ಕೈಗೆ ಬಂತು. ಉಳಿದದ್ದು ಮನೆಯ ಸಾಕ್ಷಿ.

ಗಂಡ ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಆಗಲೂ ಅಲ್ಲೇ, ಈಗಲೂ ಅಲ್ಲೇ. ಕಂಡದ್ದೆಲ್ಲ ಅತ್ತೆ. ಠಾಣೆಯಿಂದ ಅವಳನ್ನು ಕೈಹಿಡಿದು ಕರೆತಂದದ್ದೂ ಅತ್ತೆಯೇ.

ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಕತ್ತರಿಯಂಥದೇ ನಾಲಿಗೆ. ಜಗಳಕ್ಕೆ ನಿಂತರೆ ಸೊಸೆ ಉಕ್ಕಿಸಿದ ಹಾಲು, ಸುಟ್ಟ ಇಸ್ತ್ರಿ, ಕಳೆದ ಗುಂಡಿಗಳೆಲ್ಲ ಸಾಲಾಗಿ ಹೊರಗೆ ಬರುತ್ತಿದ್ದವು. ಆದರೆ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ 'ಕುಡಿತ' ಎಂಬ ಮಾತು ಅವರ ಬಾಯಿಂದ ಬಂದಿರಲಿಲ್ಲ. ಆ ಮನೆಯಲ್ಲಿ ಅದಕ್ಕೆ ಬೇರೆ ಮಾತಿತ್ತು: ಹುಷಾರಿರಲಿಲ್ಲ. ಸೊಸೆ ಕೇಂದ್ರದಲ್ಲಿದ್ದಾಗ, ಅಳತೆ ಕೊಡಲು ಬಂದವರಿಗೆ "ಹುಷಾರಿಲ್ಲ, ಆಸ್ಪತ್ರೇಲಿದಾಳೆ". ಕಾರು ಮಾರಿದ್ದೇಕೆ? "ಆಗ ಅವಳಿಗೆ ಹುಷಾರಿರಲಿಲ್ಲ." ಹೇಳಿ ಹೇಳಿ ಆ ಮಾತಿನ ಮೊನೆ ಸವೆದು, ಸೊಸೆಯೂ ಅದನ್ನೇ ಹೊದ್ದುಕೊಂಡು ಬೆಚ್ಚಗಿದ್ದಳು.

ಹೋಗುವ ದಿನ ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಕೊರಳಲ್ಲಿ ಅಳತೆಯ ಟೇಪು ಮರೆತು, ಬಸ್ಸು ಹತ್ತಿದರು.

"ಅತ್ತೆ, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ."

"ನಂಗೇ ಪಾಠ ಹೇಳಿಕೊಡ್ತೀಯಾ? ನೀನು ಸುಮ್ನಿರೆ. ಡಾಕ್ಟ್ರ ಹತ್ರ ಹೇಗೆ ಮಾತಾಡ್ಬೇಕು ಅಂತ ನಂಗೊತ್ತು."

ಡಾಕ್ಟರಮ್ಮ ಅತ್ತೆಯನ್ನು ಎದುರಿಗೆ, ಸೊಸೆಯನ್ನು ಹಿಂದೆ ಕಿಟಕಿಯ ಬಳಿ ಕೂರಿಸಿದರು. "ನಾನು ಕೇಳೋ ತನಕ ನೀವು ಬಾಯಿ ತೆಗೀಬಾರದು" ಎಂದು ಸೊಸೆಗೆ ಹೇಳಿ, ಅತ್ತೆಯ ಕಡೆ ತಿರುಗಿದರು. "ಹೇಳಿ ಅಮ್ಮ. ಏಳು ವರ್ಷದ ಹಿಂದೆ, ಆ ಕಾರು ಸೈಕಲ್ಲಿಗೆ ಗುದ್ದಿದಾಗ ನಿಮ್ಮ ಸೊಸೆ ಯಾವ ಸ್ಥಿತೀಲಿದ್ರು?"

"ಆಗ ಅವಳಿಗೆ ಹುಷಾರಿರಲಿಲ್ಲ."

"ಅಂದ್ರೆ?"

ಅಂದ್ರೆ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಸರಿದು ಕೂತು, "ತಲೆ ಸುತ್ತೋದು ಡಾಕ್ಟ್ರೇ" ಎಂದರು.

ಬರೆಯುತ್ತಿದ್ದ ಪೆನ್ನು ನಿಂತಿತು. "ತಲೆ ಸುತ್ತೋದಾ? ಆಗಾಗ್ಗೆ ಬರ್ತಿತ್ತಾ?"

ನಂಬಿದರು ಎಂದು ಅತ್ತೆಗೆ ಹುರುಪು ಬಂತು. "ಅಯ್ಯೋ, ಬರ್ತಿತ್ತಾ ಅಂತೀರಾ! ಕಣ್ಣಿಗೆ ಕತ್ತಲೆ ಕಟ್ಟೋದು. ಒಂದೊಂದು ಸಲ ನಿಂತಲ್ಲೇ ದೊಪ್ ಅಂತ ಬೀಳೋಳು. ನೀರು ಚಿಮುಕಿಸಿ ಎಬ್ಬಿಸ್ತಿದ್ದೆ. ಪಾಪ, ಹುಡುಗಿ ತಪ್ಪೇನಿಲ್ಲ ಇದರಲ್ಲಿ."

ಕಿಟಕಿಯ ಬಳಿ ಸೊಸೆಗೆ ನಿಜಕ್ಕೂ ಕಣ್ಣು ಕತ್ತಲೆ ಬಂತು. ಕುಡಿತವನ್ನಾದರೂ ಬಿಟ್ಟೆ ಎನ್ನಬಹುದು. ಕಾರಣವಿಲ್ಲದೆ ಎಚ್ಚರ ತಪ್ಪಿ ಬೀಳುವವಳನ್ನು ಯಾವ ದೇಶದವರು ಆಕಾಶಕ್ಕೆ ಬಿಡುತ್ತಾರೆ? ಕೂಡಿಸಿದ್ದನ್ನೆಲ್ಲ ಅತ್ತೆ ಪ್ರೀತಿಯ ಕತ್ತರಿಯಿಂದ ಕಚಕಚ ಕತ್ತರಿಸಿ ಹಾಕುತ್ತಿದ್ದರು.

"ಇಲ್ಲ ಡಾಕ್ಟ್ರೇ!" ಅವಳು ಎದ್ದು ನಿಂತಿದ್ದಳು. "ನಂಗೆ ಯಾವ ತಲೆಸುತ್ತೂ ಇರಲಿಲ್ಲ. ನಾನು ಕುಡಿದಿದ್ದೆ. ಚೆನ್ನಾಗಿ ಕುಡಿದಿದ್ದೆ. ಕಂಠಪೂರ್ತಿ ಕುಡಿದಿದ್ದೆ!"

"ಏ, ಕೂತ್ಕೊಳೇ," ಅತ್ತೆ ಗಾಬರಿಯಿಂದ ಕೈ ಎಳೆದರು. "ಹೊರಗಡೆ ಕೇಳ್ಸುತ್ತೆ."

"ಕೇಳ್ಲಿ ಅತ್ತೆ."

ಡಾಕ್ಟರಮ್ಮ ಕೈಯೆತ್ತಿದರು. "ನೀವು ಹೇಳೋದು ನಿಮ್ಮ ಫೈಲಲ್ಲೇ ಇದೆ. ನಂಗೆ ಇವರ ಬಾಯಲ್ಲಿ ಬರಬೇಕು. ಒಂದೇ ಮನೆಯವರು ಎರಡು ಥರ ಹೇಳಿದ್ರೆ ನಾನು ಯಾರನ್ನ ನಂಬ್ಲಿ?"

ಅತ್ತೆ ಸೊಸೆಯತ್ತ ತಿರುಗಿದರು. "ನಿನ್ನ ಒಳ್ಳೇದಕ್ಕೇ ಅಲ್ವೇನೇ ಹೇಳಿದ್ದು? ಪರರ ಮುಂದೆ ನಿನ್ನ ಮಾನ ಕಳೀಲಾ ನಾನು?"

"ಗೊತ್ತು ಅತ್ತೆ. ಆದ್ರೆ ಕುಡಿದು ಬಿಟ್ಟವಳಿಗೆ ಇವರು ವಿಮಾನ ಕೊಟ್ರೂ ಕೊಡಬಹುದು. ನಿಂತಲ್ಲೇ ಬೀಳೋಳಿಗೆ ಸೈಕಲ್ಲೂ ಕೊಡಲ್ಲ. ನನ್ನ ಮಾನ ನಾನು ನೋಡ್ಕೋತೀನಿ. ನೀವು ಮುಚ್ಚಬೇಡಿ, ದಮ್ಮಯ್ಯ."

ಅತ್ತೆ ಕೊರಳ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಮೇಜಿನ ಅಂಚನ್ನು ನೋಡುತ್ತ, "ಕುಡೀತಿದ್ದಳು" ಎಂದರು.

ಒಮ್ಮೆ ದಾರ ಕಿತ್ತರೆ ಹೊಲಿಗೆ ಪೂರ್ತಿ ಬಿಚ್ಚಿಕೊಳ್ಳುವ ಹಾಗೆ ಎಲ್ಲ ಬಂತು. ಗುಂಡಿಗಳ ದೊಡ್ಡ ಡಬ್ಬದಲ್ಲಿ ಅಡಗಿಸಿಟ್ಟ ಬಾಟಲಿ. ಅದನ್ನು ಕಂಡೂ ಕಾಣದ ಹಾಗೆ ಮುಚ್ಚಿಟ್ಟ ತಾನು. ಠಾಣೆಯ ಬೆಂಚಿನ ಮೇಲೆ ಸೊಸೆ ವಾಂತಿ ಮಾಡಿಕೊಂಡದ್ದು. "ಆ ವಾಚ್‌ಮನ್ ಮನೆಗೆ ನಾನೇ ಹೋಗಿದ್ದೆ ಡಾಕ್ಟ್ರೇ. ಅವನ ಹೆಂಡತಿ ಬಾಗಿಲಲ್ಲೇ ಕೇಳಿದ್ಲು, ಅವರು ಇಳಿದಿರದಿದ್ರೆ ಏನು ಗತಿ ಅಂತ." ಇದು ಸೊಸೆಗೂ ಗೊತ್ತಿರಲಿಲ್ಲ.

"ಈಗ ಕುಡಿಯಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಮೂಸಿ ನೋಡ್ತೀನಲ್ಲ."

"ಏನಂದ್ರಿ?"

"ಮಲಗಿದ ಮೇಲೆ ಹೋಗ್ತೀನಿ. ಹೊದಿಕೆ ಸರಿಮಾಡೋ ನೆಪದಲ್ಲಿ ಬಗ್ಗಿ ಬಾಯಿ ಮೂಸ್ತೀನಿ. ಕೇಂದ್ರದಿಂದ ಬಂದ ದಿನದಿಂದ ತಪ್ಪಿಸಿಲ್ಲ. ಏನೂ ಇರಲ್ಲ. ಹಲ್ಲುಪುಡಿ ವಾಸನೆ ಇರುತ್ತೆ."

"ಯಾವಾಗ ನಿಲ್ಲಿಸಿದ್ರಿ?"

"ಯಾಕೆ ನಿಲ್ಲಿಸ್ಲಿ? ನಿನ್ನೇನೂ ಮೂಸಿದೆ."

ಮಿತಭಾಷಿ ಡಾಕ್ಟರಮ್ಮ ತಲೆ ತಗ್ಗಿಸಿ ಬರೆಯುವ ನೆಪದಲ್ಲಿ ನಗು ನುಂಗಿದರು. ನುಂಗಿದ ಮೇಲೆ ಮತ್ತೆ ಗಂಭೀರವಾದರು. ತಲೆಸುತ್ತು ಎಂಬ ಮಾತು ತಮ್ಮ ಕಿವಿಗೆ ಬಿದ್ದಾಗಿದೆ, ಬಿದ್ದಿಲ್ಲ ಎನ್ನಲಾಗದು. ನರರೋಗದ ಡಾಕ್ಟರು ಒಮ್ಮೆ ಪರೀಕ್ಷಿಸಬೇಕು, ಆಮೇಲಷ್ಟೇ ಕಡತ ಮೇಲಿನ ಕಚೇರಿಗೆ ಹೋಗುತ್ತದೆ ಎಂದರು.

"ಎಲ್ಲಿಗೆ ಹೋಗ್ಬೇಕು, ಹೇಳಿ" ಎಂದಳು ಸೊಸೆ. "ನಾಳೆನೇ ಹೋಗ್ತೀನಿ."

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅವಳಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಯಾವುದನ್ನು ಮೊದಲು ತೋರಿಸುವುದೆಂದು ಗೊತ್ತಾಗುತ್ತಿರಲಿಲ್ಲ.

"ಇಷ್ಟು ವರ್ಷ ನನ್ನ ಹೊದಿಕೆ ಸರಿಮಾಡೋಕೆ ಬರ್ತೀರ ಅಂದ್ಕೊಂಡಿದ್ದೆ."

"ಸರಿ ಮಾಡ್ತಾನೂ ಇದ್ದೆ" ಎಂದರು ಅತ್ತೆ. ಆಮೇಲೆ, "ನೀನು ಒದ್ದು ಒದ್ದು ಬಿಸಾಕ್ತೀಯ, ನಿನ್ನ ಮಗಳ ಹಾಗೇ."

ನರರೋಗದ ಡಾಕ್ಟರ ಬಳಿಗೂ ಅತ್ತೆ ಕರೆಯದೆಯೇ ಹೊರಟು ನಿಂತರು. ತಲೆಗೆ ವೈರು ಅಂಟಿಸಿ ಮಿದುಳಿನ ಗೆರೆ ತೆಗೆಯುವಷ್ಟು ಹೊತ್ತೂ ಹೊರಗೆ ಕೂತು, ತನ್ನ ಬಾಯಿಗಿಷ್ಟು ಬೆಂಕಿ ಬೀಳಲಿ ಎಂದು ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ಹೇಳಿಕೊಂಡರು. ಗೆರೆಗಳಲ್ಲಿ ಏನೂ ಇರಲಿಲ್ಲ. ಕೂದಲಿಗೆ ಮೆತ್ತಿದ್ದ ಅಂಟನ್ನು ಮಗಳೂ ಅತ್ತೆಯೂ ಸೇರಿ ಎಣ್ಣೆ ಹಚ್ಚಿ ಬಿಡಿಸಿದರು.

ಕಡತ ಮೇಲಿನ ಕಚೇರಿಯಲ್ಲಿ ಮಲಗಿತು. ಅವಳು ಫೋನ್ ಮಾಡಿ ಮಾಡಿ ಎಬ್ಬಿಸಿದಳು. ಅಲ್ಲಿನ ಗುಮಾಸ್ತೆ ಕೊನೆಕೊನೆಗೆ ಅವಳ ದನಿ ಕೇಳಿದ ಕೂಡಲೇ "ಟ್ಯಾಂಕರ್ ಮೇಡಂ, ಇನ್ನೂ ಇಲ್ಲ" ಎನ್ನುವಂತಾಗಿದ್ದಳು. ಬೇಸಿಗೆ ಕಳೆದು ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಸರ್ಟಿಫಿಕೇಟ್ ಬಂತು, ಷರತ್ತಿನ ಬಾಲ ಕಟ್ಟಿಕೊಂಡು: ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರದಿ, ಒಂದು ಗುಟುಕು ಕಂಡರೂ ರದ್ದು. ಅವಳು ಷರತ್ತುಗಳನ್ನು ಎರಡು ಸಲ ಓದಿದಳು. ಅವಳು ತಾನೇ ತನಗೆ ಹಾಕಿಕೊಂಡದ್ದಕ್ಕಿಂತ ಹೆಚ್ಚಿನದು ಅದರಲ್ಲಿ ಏನೂ ಇರಲಿಲ್ಲ.

ಮೇಷ್ಟ್ರು ಕೊಟ್ಟ ಮಾತು ತಪ್ಪಲಿಲ್ಲ. ಗಾಳಿ ತಣ್ಣಗಿದ್ದ ಒಂದು ಬೆಳಿಗ್ಗೆ ಬೆಲ್ಟು ಬಿಚ್ಚಿ ಕೆಳಗಿಳಿದು, "ಒಂದು ಸುತ್ತು. ಎರಡಲ್ಲ" ಎಂದು ಬಾಗಿಲು ಹಾಕಿದರು. ಮೇಷ್ಟ್ರ ತೂಕವಿಲ್ಲದ ವಿಮಾನ ಅವಳು ಎಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತು. ಇಳಿಸುವಾಗ ಎರಡು ಸಲ ಕುಪ್ಪಳಿಸಿತು. ಮೆಕ್ಯಾನಿಕ್ ಓಡಿಬಂದು ಚಕ್ರ ನೋಡಿ, "ಟ್ಯಾಂಕರಮ್ಮ, ಇದು ವಿಮಾನ, ಕಪ್ಪೆಯಲ್ಲ" ಎಂದ.

ಮೊದಲ ಆರು ತಿಂಗಳು ತುಂಬಿ ರಕ್ತ ಕೊಡಲು ಅವಳು ಹೊರಡುತ್ತಿದ್ದಾಗ, ಮುಂದಿನ ಕೋಣೆಯಲ್ಲಿ ಹೊಸ ಗಿರಾಕಿ ಹೆಂಗಸೊಬ್ಬರು ಅಳತೆ ಕೊಡುತ್ತ ನಿಂತಿದ್ದರು. ಚಪ್ಪಲಿ ಮೆಟ್ಟುತ್ತಿದ್ದ ಅವಳನ್ನೂ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನೂ ನೋಡಿ, ದನಿ ತಗ್ಗಿಸಿ, "ನಿಮ್ಮ ಸೊಸೆಗೆ ಏನಾಗಿದೆ? ಹುಷಾರಿಲ್ವಾ?" ಎಂದರು.

ಅವಳು ಬಾಗಿಲಲ್ಲೇ ನಿಂತಳು.

"ಹುಷಾರಾಗಿದ್ದಾಳೆ" ಎಂದರು ಅತ್ತೆ, ಟೇಪು ಹಿಡಿದುಕೊಂಡೇ. "ಮುಂಚೆ ಕುಡೀತಿದ್ಲು, ಬಿಟ್ಟಳು. ಈಗ ವಿಮಾನ ಓಡಿಸ್ತಾಳೆ, ಅದಕ್ಕೆ ಅವರು ಪರೀಕ್ಷೆ ಮಾಡ್ತಾರೆ. ನೀವು ತೋಳು ಚಾಚಿ. ಹೀಗೆ ಮುದುರಿಕೊಂಡ್ರೆ ನಾನು ಅಳತೆ ತಗೊಳ್ಳೋದು ಹೇಗೆ?"