ಸಾವಧಾನಿ ಲಿಫ್ಟ್ ನಿಲ್ಲಿಸಿದ್ದು

ತ್ರಿಶಂಕುವನ್ನು ಮೇಲಕ್ಕೂ ಬಿಡದೆ ಕೆಳಕ್ಕೂ ಬಿಡದೆ ನಡುವೆ ನೇತುಹಾಕಿದ ಕೀರ್ತಿ ವಿಶ್ವಾಮಿತ್ರನದು. ಹಾಗೆ ನೇತಾಡುವವರನ್ನು ಮೆಲ್ಲಗೆ ಕೆಳಗಿಳಿಸಿ, ಬಾಗಿಲು ತೆಗೆದು, "ನೀರು ಕುಡೀತೀರಾ?" ಎಂದು ಕೇಳುವ ಕೀರ್ತಿ ನನ್ನ ಭಾಮೈದನದು. ವಿಶ್ವಾಮಿತ್ರನಿಗೆ ಪುರಾಣದಲ್ಲಿ ಜಾಗ ಸಿಕ್ಕಿತು. ಭಾಮೈದನಿಗೆ ಲಿಫ್ಟ್ ಕಂಪನಿಯ ನೀಲಿ ಅಂಗಿ ಸಿಕ್ಕಿತು, ಅದೂ ಒಂದು ಅಳತೆ ದೊಡ್ಡದು.

ಮನೆಯಲ್ಲೂ ಕೆಲಸದಲ್ಲೂ ಅವನನ್ನು ಎಲ್ಲರೂ ಕರೆಯುವುದು ಸಾವಧಾನಿ ಎಂದೇ. ರಸ್ತೆ ದಾಟುವ ಮೊದಲು ಬಲಕ್ಕೆ ನೋಡುತ್ತಾನೆ, ಎಡಕ್ಕೆ ನೋಡುತ್ತಾನೆ, ಮತ್ತೆ ಬಲಕ್ಕೆ ನೋಡುತ್ತಾನೆ, ಕೊನೆಗೆ ಆಕಾಶವನ್ನೂ ಒಮ್ಮೆ ನೋಡುತ್ತಾನೆ. ಕುರ್ಚಿ ಕಂಡರೆ ಮೊದಲು ಅಲುಗಾಡಿಸಿ ಆಮೇಲೆ ಕೂರುತ್ತಾನೆ. ಹುಟ್ಟುವಾಗಲೂ ಡಾಕ್ಟರು ಹೇಳಿದ ದಿನ ಹುಟ್ಟದೆ, ಹೊರಗೆ ಎಲ್ಲ ಸರಿಯಿದೆಯೋ ಎಂದು ವಿಚಾರಿಸಿಕೊಂಡು ನಿಧಾನವಾಗಿ ಬಂದನೆಂದು ನನ್ನ ಹೆಂಡತಿ, ಅಂದರೆ ಅವನ ಅಕ್ಕ, ಹೇಳುತ್ತಾಳೆ.

ನನ್ನ ಚಪ್ಪಲಿ ಅಂಗಡಿ ಇರುವ ಐದು ಮಹಡಿಯ ಹಳೇ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನೂ ಅವನೇ. ಎರಡು ಜಾಲರಿ ಬಾಗಿಲುಗಳನ್ನು ಕೈಯಿಂದ ಎಳೆದು ಮುಚ್ಚುವ, ಅಜ್ಜನ ಕಾಲದ ಲಿಫ್ಟು. ಅದರ ಸುತ್ತ ಮೆಟ್ಟಿಲುಗಳು ಕಂಬಕ್ಕೆ ಬಳ್ಳಿ ಸುತ್ತಿದ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತವೆ. ನಾಲ್ಕನೇ ಮಹಡಿಯಲ್ಲಿ ಕಿವಿ ಪರೀಕ್ಷೆಯ ಕೇಂದ್ರ, ಐದನೆಯದರಲ್ಲಿ ಗಿಟಾರ್ ಶಾಲೆ. ಈ ಎರಡು ಮಹಡಿಗಳ ನಡುವೆ ನನ್ನ ಭಾಮೈದನ ಬಾಳು ಸಿಕ್ಕಿಹಾಕಿಕೊಂಡಿತು.

ಶುರುವಾದದ್ದು ಒಂದು ಕೀರಲು ದನಿಯಿಂದ. ಕಿವಿ ಪರೀಕ್ಷಿಸುವ ಹುಡುಗಿ ಒಂದು ದಿನ ಕೆಳಗಿಳಿದು ಬಂದು ದೂರು ಕೊಟ್ಟಳು: "ನಿಮ್ಮ ಲಿಫ್ಟು ಕೀರ್ ಅಂದಾಗೆಲ್ಲ ನನ್ನ ಪೇಷೆಂಟುಗಳು 'ಕೇಳಿಸ್ತು' ಅಂತ ಕೈ ಎತ್ತುತಾರೆ. ನಾನು ಅವರಿಗೆ ಶಬ್ದ ಹಾಕೇ ಇರಲ್ಲ. ಹೀಗಾದ್ರೆ ಊರಲ್ಲಿ ಕಿವುಡರೇ ಇರಲ್ಲ ಕಣ್ರೀ."

ಸಾವಧಾನಿ ಎಣ್ಣೆ ಡಬ್ಬಿ ಹಿಡಿದು ಮಹಾಯುದ್ಧಕ್ಕೆ ಹೊರಟ. ಒಂದೊಂದು ಗಾಲಿಯನ್ನೂ ಒಂದೊಂದು ಹಳಿಯನ್ನೂ ಮಾತಾಡಿಸಿ, ಬೇಡಿಕೊಂಡು, ಕೊನೆಗೆ ಲಿಫ್ಟಿನ ಬಾಯಿ ಮುಚ್ಚಿಸಿದ. ಅವಳು ಮೆಚ್ಚಿದಳು. "ಅಬ್ಬಾ, ಈಗ ಬಂದ್ರೂ ಗೊತ್ತಾಗಲ್ಲ, ಹೋದ್ರೂ ಗೊತ್ತಾಗಲ್ಲ!" ಎಂದಳು. ಅವಳು ಹೊಗಳಿದ್ದು ಲಿಫ್ಟನ್ನು. ಇವನು ಅದನ್ನು ತನಗೇ ಹೇಳಿದ್ದೆಂದುಕೊಂಡು ಮನೆವರೆಗೂ ನಗುತ್ತ ನಡೆದ. ಆಮೇಲೆ ಎರಡೂ ಮನೆಯವರು ಮಾತಾಡಿದರು, ಅವಳು ಹೂಂ ಅಂದಳು, ಮದುವೆಯೂ ನಿಶ್ಚಯವಾಯಿತು. ನನ್ನ ಹೆಂಡತಿಗಂತೂ ಸ್ವರ್ಗ ಮೂರೇ ಗೇಣು.

ಆಗ ಬಂತು ನೋಡಿ ಆ ಫ್ರೆಂಚ್ ಸಿನಿಮಾ.

ಪಕ್ಕದ ಬೀದಿಯ ಫಿಲ್ಮ್ ಕ್ಲಬ್ಬಿಗೆ ಟಿಕೆಟ್ ತಂದವಳು ಅವಳೇ. ನಾವಿಬ್ಬರು, ಅವರಿಬ್ಬರು, ಒಟ್ಟು ನಾಲ್ವರು ಹೋದೆವು. ಸಾವಧಾನಿ ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಒಂದೊಂದಾಗಿ ಸವಿದು ಓದುವ ಹೊತ್ತಿಗೆ ಪಾತ್ರಗಳು ಜಗಳ ಮುಗಿಸಿ ಊಟಕ್ಕೆ ಕೂತಿರುತ್ತಿದ್ದವು. ಆದರೂ ಕತೆ ಯಾರಿಗೂ ಅರ್ಥವಾಗುವಂಥದು. ಟೋಪಿ ಹೊಲಿಯುವ ಒಬ್ಬ ಹುಡುಗಿ. ಅವಳಿಗೆ ಗೊತ್ತಾದ ವರ ಬಿಸಿಲಲ್ಲೂ ಕೊಡೆ ಹಿಡಿದು ಓಡಾಡುವ ಸಂಭಾವಿತ. ಒಂದು ದಿನ ಅವಳು ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾಳೆ. ಜೊತೆಗೆ ಗಾಜಿನ ಬೋಗುಣಿಯಲ್ಲಿ ಬಣ್ಣದ ಮೀನು ಹಿಡಿದ ಒಬ್ಬ ಪೋಕರಿ. ಬಾಗಿಲು ತೆಗೆಯುವಷ್ಟರಲ್ಲಿ ಪ್ರೇಮ ಆಗಿಹೋಗಿರುತ್ತದೆ, ಸಾಕ್ಷಿಗೆ ಮೀನು. ಕೊನೆಗೆ ಮದುವೆಯ ದಿನ, ಸುರಿಯುವ ಮಳೆಯಲ್ಲಿ, ಅವಳು ಪೋಕರಿಯ ಕೈ ಹಿಡಿದು ಹೊರಟಾಗ ಆ ಕೊಡೆಯವನು ಏನು ಮಾಡಬೇಕು? "ನೆನೀತೀರಿ" ಎಂದು ತನ್ನ ಕೊಡೆಯನ್ನು ಅವರಿಗೇ ಕೊಟ್ಟು, ತೊಯ್ದು ತೊಪ್ಪೆಯಾಗಿ ಹೋಗುತ್ತ, ಹೊಂಡದಲ್ಲಿ ಜಾರಿ ಬೀಳುತ್ತಾನೆ.

ಇಡೀ ಸಭಾಂಗಣ ಹೊಟ್ಟೆ ಹಿಡಿದು ನಕ್ಕಿತು. ಕಿವಿ ಹುಡುಗಿ ಕಣ್ಣೀರು ಬರುವಂತೆ ನಕ್ಕಳು. ನಾನೂ ನಕ್ಕೆ, ಸುಳ್ಳೇಕೆ. ನನ್ನ ಹೆಂಡತಿಗೆ ಬಾಯಿ ಕಟ್ಟಿಕೊಳ್ಳಲು ಯಾವ ಜನ್ಮದಲ್ಲೂ ಬರಲಿಲ್ಲ. ತಮ್ಮನ ತೊಡೆ ತಟ್ಟಿ ಹೇಳಿದಳು: "ಲೋ, ಥೇಟ್ ನೀನೇ ಕಣೋ!"

ಅವನೊಬ್ಬ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಾಲ ಬಳಿ ಒರಗಿಸಿಟ್ಟಿದ್ದ ತನ್ನ ಕೊಡೆಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದ.

ಲೋಕದಲ್ಲಿ ಸಿನಿಮಾ ನೋಡಿ ತಾನೇ ನಾಯಕ ಎಂದುಕೊಂಡವರು ಕೋಟಿ ಜನ. ಕೂದಲು ಬಾಚಿಕೊಂಡು, ಎದೆ ಮುಂದೆ ಮಾಡಿಕೊಂಡು ಹೊರಬರುತ್ತಾರೆ, ಮನೆ ತಲುಪುವಷ್ಟರಲ್ಲಿ ಸರಿಹೋಗುತ್ತಾರೆ. ನನ್ನ ಭಾಮೈದ ಮಾತ್ರ, ನೋಡುಗರು ನಗಲೆಂದೇ ಇಟ್ಟ ಪಾತ್ರದಲ್ಲಿ ತನ್ನನ್ನು ಕಂಡ. ಆ ರೋಗಕ್ಕೆ ಮದ್ದಿಲ್ಲ.

ಮರುದಿನದಿಂದ ಕೊಡೆಯವನಾಗದಿರುವ ಘೋರ ತಪಸ್ಸು ಶುರುವಾಯಿತು. ಕೊಡೆಯನ್ನು ಮನೆಯಲ್ಲೇ ಬಿಟ್ಟ. ನೆಂದ, ನೆಗಡಿಯಾಯಿತು, ಅವಳ ಕೇಂದ್ರದಲ್ಲಿ ಕೂತು ಸೀನಿದಾಗ ಪೇಷೆಂಟುಗಳೆಲ್ಲ ಒಟ್ಟಿಗೆ ಕೈ ಎತ್ತಿದರು. ಪೋಕರಿಗಳು ಹೇಳಿದ ಹೊತ್ತಿಗೆ ಬರುವುದಿಲ್ಲವಲ್ಲ, ತಾನೂ ತಡವಾಗಿ ಹೋಗಬೇಕೆಂದು ಹೊತ್ತಿಗೆ ಮುಂಚೆಯೇ ಹೋಗಿ ಬೀದಿಯ ಮೂಲೆಯಲ್ಲಿ ಅಡಗಿ ನಿಂತ. ಅಲ್ಲಿ ಯಾರೋ ಕಳ್ಳನೆಂದು ಹಿಡಿದರು, ನಾನು ಹೋಗಿ ಬಿಡಿಸಿಕೊಂಡು ಬಂದೆ. ಕೊನೆಗೆ ಗಾಜಿನ ಬೋಗುಣಿಯಲ್ಲಿ ಒಂದು ಮೀನನ್ನೇ ತಂದು ಅವಳ ಮುಂದಿಟ್ಟ.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಳು ಅವಳು. ಮುಖ ನಿಜಕ್ಕೂ ಅರಳಿತ್ತು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬರಬೇಕೋ ಬೇಡವೋ? "ಬಿಸಿಲಿಗೆ ಇಡಬೇಡಿ. ನೀರು ಬದಲಾಯಿಸೋವಾಗ ಪೂರ್ತಿ ಚೆಲ್ಲಬಾರದು. ಊಟ ಒಂದು ಚಿಟಿಕೆ, ಚಿಟಿಕೆ ಅಂದ್ರೆ ಇಷ್ಟೇ. ಅಂಚಿಗೆ ಇಡಬೇಡಿ, ಹಾರತ್ತೆ. ಮೇಲೆ ಒಂದು ಬಲೆ ಮಾಡಿ ತಂದಿದೀನಿ." ಅವಳ ಮುಖ ಬಾಡುತ್ತ ಹೋದದ್ದು ಇವನಿಗೂ ಕಾಣುತ್ತಿತ್ತಂತೆ. "ಬ್ರೇಕ್ ಹಿಡಿದೆ ಭಾವ, ನಿಲ್ಲಲೇ ಇಲ್ಲ," ಎಂದ ನನ್ನ ಹತ್ತಿರ.

ಅವನ ನಿಜವಾದ ಭಯ ಬೇರೆಯೇ ಇತ್ತು. ಗಿಟಾರ್ ಮೇಷ್ಟ್ರು. ಕೂದಲಿಗೆ ಜುಟ್ಟು, ನಾಲಿಗೆ ತುದಿಯಲ್ಲಿ ತಮಾಷೆ, ಬೆನ್ನ ಮೇಲೆ ವಾದ್ಯ. ಸಿನಿಮಾದಲ್ಲಿ ಮೀನು ಹಿಡಿದು ಬಂದವನ ತಮ್ಮನೇ ಇರಬೇಕು ಎನ್ನುವ ಹಾಗಿದ್ದ. ಇವರಿಬ್ಬರೂ ಒಟ್ಟಿಗೆ ಲಿಫ್ಟಿನಲ್ಲಿ ಸಿಕ್ಕಿಬಿದ್ದರೆ? ಕಿವಿಗೂ ಗಿಟಾರಿಗೂ ಇರುವ ನಂಟು ಕಿವಿಗೂ ಗ್ರೀಸಿಗೂ ಇರುತ್ತದೆಯೇ? ಹಾಗಾಗಿ ಸಾವಧಾನಿ ತಿಂಗಳಿಗೊಮ್ಮೆ ನೋಡಬೇಕಾದ ಲಿಫ್ಟನ್ನು ವಾರವಾರವೂ ನೋಡತೊಡಗಿದ. ಹಗ್ಗ ನೋಡಿದ, ಬ್ರೇಕು ನೋಡಿದ, ದೀಪ ನೋಡಿದ. ನೋಡಬಾರದಷ್ಟು ನೋಡಿದವನಿಗೆ ಕಾಣಬಾರದ್ದು ಕಂಡಿತು.

ಬಾಗಿಲಿನ ಮೂಲೆಯಲ್ಲಿ ಹೆಬ್ಬೆರಳಷ್ಟು ದೊಡ್ಡ ಒಂದು ಸ್ವಿಚ್ಚಿರುತ್ತದೆ. ಜಾಲರಿ ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಲಿಫ್ಟು ಕದಲಬೇಕು, ಚೂರು ತೆರೆದಿದ್ದರೂ ಕದಲಬಾರದು ಎಂದು ಕಾಯುವುದು ಅದರ ಧರ್ಮ. ಅದು ಸವೆದಿತ್ತು. ಇವತ್ತೋ ನಾಳೆಯೋ ಕೈಕೊಡುವ ಹಾಗಿತ್ತು. ಸಾವಧಾನಿ ಲಿಫ್ಟ್ ನಿಲ್ಲಿಸಿ, 'ಕೆಲಸ ನಡೆದಿದೆ' ಎಂಬ ಬೋರ್ಡು ತೂಗುಹಾಕಿದ. ಹೊಸ ಸ್ವಿಚ್ಚು ಎಲ್ಲಿಂದಲೋ ಬರಬೇಕಿತ್ತು. ಹಳೇ ಕಾಲದ ಮಾಲು, ಈಗ ಬರುತ್ತೆ, ಆಗ ಬರುತ್ತೆ ಎಂದರು. ಬರಲಿಲ್ಲ.

ಅಷ್ಟು ದಿನವೂ ನಾಲ್ಕನೇ ಮಹಡಿಯವಳೂ ಐದನೇ ಮಹಡಿಯವನೂ ಮೆಟ್ಟಿಲು ಹತ್ತಿದರು. ಬೆಳಿಗ್ಗೆ ಒಂದೇ ಹೊತ್ತು, ಸಂಜೆ ಒಂದೇ ಹೊತ್ತು. ಲಿಫ್ಟಿನಲ್ಲಾಗಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಭೇಟಿ. ಮೆಟ್ಟಿಲಿಗೆ ಉಸಿರು ಬೇಕು, ಉಸಿರಿಗೆ ನಿಲ್ಲಬೇಕು, ನಿಂತರೆ ಮಾತು ಬೇಕು.

ನಾನು ಚಪ್ಪಲಿ ಮಾರುವವನು, ಊರಿನ ಸಂಗತಿಯೆಲ್ಲ ನನಗೆ ಕಾಲಿನಿಂದಲೇ ತಿಳಿಯುವುದು. ಮೊದಲು ಗಿಟಾರ್ ಮೇಷ್ಟ್ರು ಬಂದು ಮೆತ್ತನೆ ಅಡಿಯ ಬೂಟು ಕೊಂಡ. ಅದರ ಹಿಂದೆಯೇ ಅವಳು ಬಂದು ಎತ್ತರದ ಹಿಮ್ಮಡಿಯದನ್ನು ಬದಿಗಿಟ್ಟು, ಚಪ್ಪಟೆಯದನ್ನು ಹಾಕಿ ನೋಡಿದಳು.

"ಲಿಫ್ಟು ಇನ್ನೇನು ಸರಿಹೋಗತ್ತಲ್ಲಮ್ಮ, ಹೊಸದ್ಯಾಕೆ?" ಎಂದೆ.

"ಇರ್ಲಿ ಭಾವ, ಕಾಲಿಗೆ ಹಾಯಾಗಿದೆ," ಎಂದು ಕನ್ನಡಿಯಲ್ಲಿ ಕಾಲು ನೋಡಿಕೊಂಡಳು. ಹಾಯಾಗಿದ್ದದ್ದು ಕಾಲೊಂದೇ ಅಲ್ಲ ಎಂದು ನನಗನ್ನಿಸಿತು. ವ್ಯಾಪಾರಕ್ಕೆ ಲಾಭ, ಮನೆತನಕ್ಕೆ ನಷ್ಟ.

ಸಾವಧಾನಿ ಲಿಫ್ಟು ಹತ್ತಿಳಿಯುವ ಬಾವಿಯಲ್ಲಿ ಕೂತು ಹಳಿ ಒರೆಸುತ್ತಿದ್ದ. ಅವನ ಸುತ್ತಲೇ ಮೆಟ್ಟಿಲು, ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ, ನಡುನಡುವೆ ನಗು. ಹೆಜ್ಜೆಗಳು ಅವನಿಗೆ ಪ್ರದಕ್ಷಿಣೆ ಹಾಕುತ್ತ ಮೇಲೆ ಹೋಗುತ್ತಿದ್ದವು. ಅವನು ಗರ್ಭಗುಡಿಯ ಕಲ್ಲಿನ ಹಾಗೆ ಸುಮ್ಮನಿದ್ದ.

ಕಟ್ಟಡದ ಯಜಮಾನರಿಗೆ ಮಂಡಿ ನೋವು, ಬಾಯಿ ಮಾತ್ರ ಗಟ್ಟಿ. "ಒಂದು ತುಂಡು ವೈರು ಕಣಯ್ಯ! ಆ ಸ್ವಿಚ್ಚನ್ನ ದಾಟಿಸಿ ಅತ್ತಿಂದಿತ್ತ ಸುತ್ತಿಬಿಟ್ರೆ ಲಿಫ್ಟು ಓಡತ್ತೆ. ನಿಮ್ಮ ಹಳೇ ಮೆಕ್ಯಾನಿಕ್ಕು ಹಾಗೇ ಓಡಿಸ್ತಿದ್ದ!"

"ಓಡತ್ತೆ ಸಾರ್. ಬಾಗಿಲು ತೆಗೆದಿದ್ರೂ ಓಡತ್ತೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ರೂ ಓಡತ್ತೆ."

"ಯಾವನಯ್ಯ ಬಾಗಿಲು ತೆಗೆದಿಟ್ಟು ಹಾಗೆ ನಿಂತ್ಕೊಳ್ಳೋನು?"

"ಎಲ್ಲರೂ ನಿಂತ್ಕೋತಾರೆ ಸಾರ್."

ನಾನೂ ಸುಮ್ಮನಿರಲಿಲ್ಲ. ಅಂಗಡಿಗೆ ಎಳೆದು ತಂದು ಕೂರಿಸಿ ಹೇಳಿದೆ: "ಲೋ ಧರ್ಮರಾಯ, ನಿನ್ನ ಮದುವೆ ದಿನಾ ಮೆಟ್ಟಿಲು ಹತ್ತಿ ಹೋಗ್ತಾ ಇದೆ. ಕಣ್ಣಿಗೆ ಕಾಣಲ್ವಾ?"

"ಕಾಣತ್ತೆ ಭಾವ."

"ಕಂಡೂ? ಸ್ವಿಚ್ಚು ಬರೋವರೆಗೆ ಮಾತ್ರ ಕಣೋ. ಒಂದು ವೈರು!"

ಅವನು ಜೇಬಿನಿಂದ ಒಂದು ತುಂಡು ವೈರು ತೆಗೆದು ತೋರಿಸಿದ. ಎರಡೂ ತುದಿಯನ್ನು ಸುಲಿದು, ತಾಮ್ರ ಹೊಳೆಯುವಂತೆ ಹೊಸೆದು ಸಿದ್ಧಮಾಡಿ ಇಟ್ಟುಕೊಂಡಿದ್ದ. "ದಿನಾ ತಗೊಂಡು ಹೋಗ್ತೀನಿ. ಅಲ್ಲಿ ನಿಂತ್ಕೊಂಡ್ರೆ ಕೈ ಬರಲ್ಲ ಭಾವ." ಅತ್ತ ದರಿ ಇತ್ತ ಪುಲಿ ಎನ್ನುತ್ತೇವಲ್ಲ, ಅಲ್ಲಿ ಓಡಲಿಕ್ಕಾದರೂ ಎರಡು ದಾರಿಗಳಿವೆ. ಇವನಿಗೆ ಇದ್ದದ್ದು ಒಂದೇ ದಾರಿ, ಅದಕ್ಕೆ ಬೋರ್ಡು ಹಾಕಿದವನೂ ಇವನೇ. ಅದೇ ಹೊತ್ತಿಗೆ ಹೊರಗೆ ಅವರಿಬ್ಬರೂ ಇಳಿದು ಬರುವ ಸದ್ದಾಯಿತು. ವೈರನ್ನು ಜೇಬಿಗೆ ಸೇರಿಸಿ, ನನ್ನ ಅಂಗಡಿಯ ಸ್ಟೂಲನ್ನು ಎರಡು ಸಲ ಅಲುಗಾಡಿಸಿ, ಇದರ ಒಂದು ಕಾಲು ಸಡಿಲವಾಗಿದೆ ಎಂದ.

ಕೊನೆಗೂ ಸ್ವಿಚ್ಚು ಬಂತು. ಸಾವಧಾನಿ ಕೂರಿಸಿ, ನೂರು ಸಲ ತೆಗೆದು ಮುಚ್ಚಿ ನೋಡಿ, ಒಗೆದ ಅಂಗಿ ಹಾಕಿಕೊಂಡು ಸಂಜೆ ಬಾಗಿಲಲ್ಲಿ ನಿಂತ. ಬೋರ್ಡು ಕಂಕುಳಲ್ಲಿ. ಮೊದಲ ಸವಾರಿ ಅವಳದೇ ಆಗಬೇಕೆಂಬ ಆಸೆ. ನನ್ನ ಹೆಂಡತಿಯೂ ನೋಡಲು ಬಂದಿದ್ದಳು. ಮರೆತ ಚೀಲವೊಂದನ್ನು ತರಲು ಕಿವಿ ಹುಡುಗಿ ಮತ್ತೆ ಮೇಲೆ ಹೊರಟಿದ್ದಳು. ಮೇಷ್ಟ್ರು ಬೀದಿಬಾಗಿಲಲ್ಲಿ ಕಾಯುತ್ತಿದ್ದ.

"ಬನ್ನಿ, ಸರಿಹೋಯ್ತು," ಎಂದು ಎರಡೂ ಜಾಲರಿಗಳನ್ನು ಎಳೆದು ಹಿಡಿದ.

ಅವಳು ಲಿಫ್ಟಿನ ಒಳಗೆ ನೋಡಿದಳು, ಅವನ ಅಂಗಿ ನೋಡಿದಳು. "ನಂಗೀಗ ಮೆಟ್ಟಿಲೇ ಅಭ್ಯಾಸ ಆಗೋಯ್ತು," ಎಂದಳು. ಆಮೇಲೆ, "ನಿಮ್ಮ ಹತ್ರ ಮಾತಾಡ್ಬೇಕು ಅಂತಾನೇ ಇದ್ದೆ. ನಿಮ್ಮದೇನೂ ತಪ್ಪಿಲ್ಲ," ಎಂದಳು. ತಪ್ಪಿಲ್ಲ ಎಂದ ಮೇಲೆ ಮುಗಿಯಿತು. ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತು. ಅವಳು ಇನ್ನೇನೋ ಮೆಲ್ಲಗೆ ಹೇಳಿದಳು, ನಮಗೆ ಕೇಳಿಸಲಿಲ್ಲ. ಅವಳ ಕಣ್ಣು ತುಂಬಿತ್ತು. ಸಾವಧಾನಿ ಪ್ರತಿ ಮಾತಿಗೂ ತಲೆಯಾಡಿಸಿದ, ಯಾರೋ ದೂರು ಬರೆಸುವಾಗ ಕೇಳಿಸಿಕೊಳ್ಳುವ ಹಾಗೆ.

ಅವಳು ಮೆಟ್ಟಿಲಿನತ್ತ ತಿರುಗಿದಾಗ ಕರೆದ: "ಒಂದು ನಿಮಿಷ." ಸಲಕರಣೆ ಪೆಟ್ಟಿಗೆಯಿಂದ ಟಾರ್ಚು ತೆಗೆದು ಕೊಟ್ಟ. "ಎರಡನೇ ಮಹಡೀಲಿ ಬಲ್ಬು ಹೋಗಿದೆ. ತಿರುವಲ್ಲಿ ಒಂದು ಮೆಟ್ಟಿಲು ಅಂಚು ಮುರಿದಿದೆ. ನೋಡ್ಕೊಂಡು ಹೋಗಿ."

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಸಿನಿಮಾದಲ್ಲಿ ಈ ಜಾಗದಲ್ಲೇ ಅಲ್ಲವೇ ನಾವೆಲ್ಲ ಬಿದ್ದು ಬಿದ್ದು ನಕ್ಕದ್ದು? ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ನಗು ತಡೆಯುವುದಕ್ಕಲ್ಲ.

ಕಿವಿ ಹುಡುಗಿ ಮೇಷ್ಟ್ರನ್ನೇ ಮದುವೆಯಾದಳು, ಚೆನ್ನಾಗಿದ್ದಾಳೆ. ಟಾರ್ಚು ವಾಪಸು ಬಂತು, ಹೊಸ ಸೆಲ್ಲು ಹಾಕಿಸಿ ಕೊಟ್ಟಿದ್ದಳು. ಸಾವಧಾನಿಗೆ ಬೇರೆ ಹೆಣ್ಣು ನೋಡುವ ಹಟ ನನ್ನ ಹೆಂಡತಿ ಬಿಟ್ಟಿಲ್ಲ. ಅವನು ನೋಡೋಣ ಅಕ್ಕ, ನೋಡೋಣ ಅಕ್ಕ ಎನ್ನುತ್ತ ಬಲಕ್ಕೂ ಎಡಕ್ಕೂ ನೋಡುತ್ತಲೇ ಇದ್ದಾನೆ, ರಸ್ತೆ ದಾಟಿಲ್ಲ. ಲಿಫ್ಟನ್ನು ಮತ್ತೆ ತಿಂಗಳಿಗೊಮ್ಮೆ ನೋಡುತ್ತಾನೆ.

ಮೊನ್ನೆ ಹಾಗೆ ಬಂದವನು ತಳಮಹಡಿಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ನಾಲ್ಕನೇ ಮಹಡಿಯವಳು ಮಗಳ ಜೊತೆ ಲಿಫ್ಟಿನಿಂದ ಇಳಿದಳು. ಮಗುವನ್ನು ಎತ್ತಿಕೊಂಡು ನಾಲ್ಕು ಮಹಡಿ ಹತ್ತುವುದೆಂದರೆ ಆಟವೇ, ಈಗ ಅವಳೂ ಲಿಫ್ಟಿಗೇ ಬಂದಿದ್ದಾಳೆ. ಇವನನ್ನು ಕಂಡು ನಕ್ಕು, ನನ್ನ ಅಂಗಡಿಯ ಕಡೆ ತಿರುಗಿ, ಪುಟ್ಟ ಬೂಟು ಇದೆಯೇ ಎಂದು ವಿಚಾರಿಸತೊಡಗಿದಳು. ಅಷ್ಟರಲ್ಲಿ ಮಗು ವಾಪಸು ಹೋಗಿ ಲಿಫ್ಟಿನ ಹೊಸ್ತಿಲ ಮೇಲೆ ನಿಂತುಬಿಟ್ಟಿತ್ತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎರಡೂ ಕೈಯಲ್ಲಿ ಜಾಲರಿ ಹಿಡಿದು ಎಳೆಯುತ್ತಿತ್ತು, ತಳ್ಳುತ್ತಿತ್ತು, ಎಳೆಯುತ್ತಿತ್ತು.

ಮೇಲೆ ಯಾರೋ ಗುಂಡಿ ಒತ್ತಿದರು. ಸಾವಧಾನಿ ಅದಾಗಲೇ ಎದ್ದು ಮಗುವಿನ ಹಿಂದೆ ನಿಂತಿದ್ದ, ಮುಟ್ಟಲಿಲ್ಲ. ಅವನ ಕಣ್ಣು ಬಾಗಿಲ ಮೂಲೆಯಲ್ಲಿತ್ತು. ಮತ್ತೆ ಮತ್ತೆ ಒತ್ತಿದರು. ಲಿಫ್ಟು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಐದನೇ ಮಹಡಿಯಿಂದ ಗಿಟಾರ್ ಮೇಷ್ಟ್ರ ದನಿ ಬಾವಿಯೊಳಗೆ ಉರುಳಿ ಬಂತು: "ಯಾರ್ರೀ ಅದು ಬಾಗಿಲು ತೆಗೆದಿಟ್ಟೋರು? ಲಿಫ್ಟು ಮತ್ತೆ ಕೆಟ್ಟೋಯ್ತಾ?"

"ಇಲ್ಲ ಸಾರ್, ಸರಿಯಾಗೇ ಇದೆ," ಎಂದು ಸಾವಧಾನಿ ಮೇಲಕ್ಕೆ ಮುಖ ಮಾಡಿ ಕೂಗಿದ. "ಸ್ವಲ್ಪ ತಾಳಿ."

ಮಗು ಇನ್ನೂ ಆಡುತ್ತಲೇ ಇತ್ತು. ಮೇಲಿನಿಂದ ಬೈಗುಳ ಬರುತ್ತಲೇ ಇತ್ತು.