ಎಲೆಗೆ ಅಡ್ಡ ಹಿಡಿದ ಕೈ

ಅದು ಸೇನೆಯಲ್ಲಿ ನನ್ನ ನಾಲ್ಕನೆಯ ವರ್ಷ. ನಾಲ್ಕೇ ವರ್ಷದ ಕರಾರಿನ ಮೇಲೆ ಸೇರಿದ ನಮ್ಮಲ್ಲಿ ಯಾರು ಉಳಿಯಬೇಕು, ಯಾರು ಮನೆಗೆ ಮರಳಬೇಕು ಎಂದು ತೀರ್ಮಾನವಾಗುವ ವರ್ಷ. ರಜೆ ಮುಗಿಸಿ ಹೋದ ಎರಡನೆಯ ದಿನವೇ ಓಟದ ಪರೀಕ್ಷೆ: ಐದೂವರೆ ನಿಮಿಷದಲ್ಲಿ ಒಂದು ಮೈಲಿ. ರಜೆಗೆಂದು ನಮ್ಮೂರು ಬಸವಾಪಟ್ಟಣಕ್ಕೆ ಬಂದಾಗ ಐದು ಇಪ್ಪತ್ತರಲ್ಲಿ ಮುಗಿಸುತ್ತಿದ್ದೆ. ಒಂಬತ್ತನೆಯ ದಿನ, ನಾಲೆಯ ಏರಿಯ ಮೇಲೆ ಓಡಿದಾಗ, ಐದು ಐವತ್ತೆರಡು.

ಮಂಡಿಯಲ್ಲಿ ಅಡಿಕೆ ಚೀಲ ತೂಗುವ ಕಾಟಾದ ಮೇಲೆ ನಿಂತು ನೋಡಿದೆ. ಮೂರು ಕಿಲೋ ಏರಿತ್ತು.

"ಗೋಣಿಚೀಲದ್ದು ಕಳೀಲೇನ್ರಿ, ಮಿಲಿಟ್ರಿ ಸಾಹೇಬ್ರೆ?" ಎಂದ ಹಮಾಲಿ. ನನಗೆ ನಗು ಬರಲಿಲ್ಲ.

ಕಾರಣ ಗೊತ್ತಿತ್ತು. ರಜೆಗೆ ಬಂದ ಸಿಪಾಯಿಯನ್ನು ನೆಂಟರು ಸರದಿಯಂತೆ ಊಟಕ್ಕೆ ಕರೆಯುತ್ತಾರೆ. ಹೋಗದಿದ್ದರೆ ಸಿಟ್ಟು. ಹೋಳಿಗೆಯ ಮೇಲೆ ತುಪ್ಪ ಬೀಳುವಾಗ 'ಸಾಕು' ಎಂದರೆ ಯಾರೂ ನಂಬುವುದಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಸುರಿಯುತ್ತಾರೆ. ನಮ್ಮ ಘಟಕದ ಅಡುಗೆಮನೆಯಲ್ಲಿ ಪೂರಿಯನ್ನು ವಾರಕ್ಕೊಮ್ಮೆಗೆ ಇಳಿಸಿ, ಮೊಳಕೆಕಾಳು ಶುರು ಮಾಡಿ ವರ್ಷವಾಗಿತ್ತು. ಇಲ್ಲಿ ಅದನ್ನು ಹೇಳಿದರೆ, "ಅಲ್ಲಿ ಹೊಟ್ಟೆಗೂ ಹಾಕಲ್ಲೇನೋ?" ಎಂದು ಇನ್ನೊಂದು ಹೋಳಿಗೆ.

ಗಾಬರಿಯಲ್ಲಿ ಮರುದಿನ ಉಪವಾಸ ಮಾಡಿದೆ. ದೊಡ್ಡಮ್ಮನ ಮನೆಯ ಊಟಕ್ಕೂ ಹೋಗಲಿಲ್ಲ. ಅದರ ಮರುದಿನ ಓಡಿದರೆ ಆರು ನಿಮಿಷ ದಾಟಿತು. ಕಣ್ಣು ಕತ್ತಲಿಟ್ಟು ಏರಿಯ ಮೇಲೇ ಕೂತೆ.

ಸಂಜೆ ದೊಡ್ಡಮ್ಮನೇ ಬಂದರು. "ನಮ್ಮನೆ ಊಟ ನಿನಗೆ ಸೇರಲ್ವೇನಪ್ಪ ಈಗ?"

ಮಾತಿನಲ್ಲಿ ಹೇಳಿ ಉಪಯೋಗವಿರಲಿಲ್ಲ. ಬೆಳಿಗ್ಗೆ ಬೈಕಿನಲ್ಲಿ ಅವರನ್ನು ನಾಲೆಗೆ ಕರೆದೊಯ್ದು, ಗಡಿಯಾರ ಓಡುತ್ತಿದ್ದ ಮೊಬೈಲು ಕೈಗೆ ಕೊಟ್ಟೆ. ಮೈಲಿ ಓಡಿ ತಿರುಗಿ ಬಂದವನು ಮೊಣಕಾಲು ಹಿಡಿದು ಬಗ್ಗಿ ವಾಂತಿ ಮಾಡಿಕೊಂಡೆ. ಅವರು ಸೆರಗಿನಿಂದ ಬಾಯಿ ಒರೆಸಿದರು.

"ಇದ್ರಾಗೆ ಸೋತ್ರೆ ಏನಾಕೈತೆ?"

"ನೌಕರಿ ಹೋಗ್ತೈತೆ, ದೊಡ್ಡಮ್ಮ. ಮನೆಗೆ ಬರೋದೇ."

ಆಮೇಲೆ ಉಳಿದ ನೆಂಟರ ಮನೆಗಳಿಗೆ ಅವರೇ ಹೋಗಿ ಹೇಳಿ ಬಂದರು. ರಜೆ ಮುಗಿಯುವವರೆಗೂ ಎಲ್ಲರ ಮನೆಯಲ್ಲೂ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಕೊನೆಯ ದಿನ ದೊಡ್ಡಮ್ಮ ತುಪ್ಪದ ಮಿಳ್ಳೆ ಹಿಡಿದು ಬಂದಾಗ ಕೈ ತಾನಾಗಿ ಎಲೆಗೆ ಅಡ್ಡ ಹೋಯಿತು. "ತೆಗಿಯಪ್ಪ ಕೈ, ಶಾಸ್ತ್ರಕ್ಕೆ" ಎಂದು ಒಂದೇ ಹನಿ ಬಿಟ್ಟರು.

ಪರೀಕ್ಷೆಯಲ್ಲಿ ಐದು ಇಪ್ಪತ್ತಾರು. ಉಸಿರು ತಹಬಂದಿಗೆ ಬಂದ ಮೇಲೆ ಫೋನು ಮಾಡಿದೆ.

"ನಾಕು ಸೆಕೆಂಡು ಉಳೀತಾ?" ಎಂದರು ದೊಡ್ಡಮ್ಮ. "ಹಂಗಾದ್ರೆ ಇನ್ನೊಂದು ಹನಿ ಹಾಕಬೌದಿತ್ತು ಬಿಡು."